ನಿಮ್ಮ ಕಷ್ಟ ಎಷ್ಟು ಸ್ಲೈಡಿನದು?

ಬೆಂಗಳೂರಿನಲ್ಲಿ ಈಗ ಯಾವ ಉದ್ಯಮದ ಸಮ್ಮೇಳನಕ್ಕೆ ಹೋದರೂ ಮೊದಲು ಅಳಬೇಕು, ಆಮೇಲೇ ಊಟ. ವಿಷಯ ಕೋಲ್ಡ್ ಸ್ಟೋರೇಜ್ ನಿರ್ವಹಣೆ ಇರಲಿ, ಮಂಡಿ ಕೀಲಿನ ಶಸ್ತ್ರಚಿಕಿತ್ಸೆ ಇರಲಿ, ಆದಾಯ ತೆರಿಗೆಯ ಹೊಸ ನಿಯಮ ಇರಲಿ, ವೇದಿಕೆ ಹತ್ತಿದವರು ವಿಷಯಕ್ಕೆ ಬರುವ ಮೊದಲು ತಮ್ಮ ಬಾಲ್ಯಕ್ಕೆ ಹೋಗಿ ಬರುತ್ತಾರೆ. ಹೋದವರಲ್ಲಿ ಹಲವರು ಬರುವುದೇ ಇಲ್ಲ. ಸಮಯ ಮುಗಿದು, ಆಯೋಜಕರು ಹೂಗುಚ್ಛ ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತಾಗಲೂ ಅವರಿನ್ನೂ ಏಳನೇ ಕ್ಲಾಸಿನಲ್ಲೇ ಇರುತ್ತಾರೆ.

ಹಿಂದೆ ಇದೇ ಸಭಾಂಗಣಗಳಲ್ಲಿ ಸಂಕಟ ಬೇರೆ ಥರದ್ದಿತ್ತು. ಭಾಷಣಕಾರರು ನಮಗೆ ಬೆನ್ನು ಮಾಡಿ ನಿಂತು, ಪರದೆಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿದ್ದದ್ದನ್ನು ನಮಗೇ ಓದಿ ಹೇಳುತ್ತಿದ್ದರು. ಕೇಳುಗರಿಗೆ ನಿದ್ದೆಯಾದರೂ ದಕ್ಕುತ್ತಿತ್ತು. ಈಗ ಅದೂ ಇಲ್ಲ. ಪಕ್ಕದ ಕುರ್ಚಿಯವರು ಕಣ್ಣೊರೆಸಿಕೊಳ್ಳುತ್ತಿರುವಾಗ ನೀವು ಆಕಳಿಸಿದರೆ ಕಟುಕರ ಪಟ್ಟ ಖಾಯಂ.

ಒಂದು ನಮೂನೆ ನೋಡಿ. ಗೋದಾಮು ನಿರ್ವಹಣೆಯ ಸಾಫ್ಟ್‌ವೇರ್ ಮಾರುವ ಕಂಪನಿಯ ಕಾರ್ಯಕ್ರಮ. ಸ್ಥಳ, ಫೈವ್‌ಸ್ಟಾರ್ ಹೋಟೆಲಿನ ಬ್ಯಾಂಕ್ವೆಟ್ ಹಾಲ್. ಕೇಳುಗರು ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ ಕಡೆಯ ಕಾರ್ಖಾನೆಗಳ ಸ್ಟೋರ್ಸ್ ಮ್ಯಾನೇಜರುಗಳು. ಕೊರಳಲ್ಲಿ ಹೆಸರಿನ ಕಾರ್ಡು, ತೊಡೆಯ ಮೇಲೆ ಪುಕ್ಕಟೆ ಚೀಲ, ಚೀಲದಲ್ಲೊಂದು ನೋಟ್‌ಪ್ಯಾಡು ಮತ್ತು ಬರೆಯದ ಪೆನ್ನು. ದೀಪ ಮಂಕಾಗುತ್ತದೆ. ಕೆನ್ನೆಗೆ ಮೈಕು ಅಂಟಿಸಿಕೊಂಡು, ಸೂಟಿನ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡ ಸಂಸ್ಥಾಪಕರು ವೇದಿಕೆಯ ನಟ್ಟನಡುವೆ ಬಂದು ನಿಲ್ಲುತ್ತಾರೆ. ಮಾತಾಡುವುದಿಲ್ಲ. ಒಂದು, ಎರಡು, ಮೂರು. ಈ ಮೌನಕ್ಕೂ ತರಬೇತಿ ಆಗಿದೆ. ಆಮೇಲೆ ತಗ್ಗಿದ ದನಿಯಲ್ಲಿ: "1994. ಮಳೆಗಾಲ. ನಮ್ಮನೆ ಹೆಂಚು ಸೋರ್ತಾ ಇತ್ತು."

ಪರದೆಯ ಮೇಲೆ ಹೆಂಚಿನ ಮನೆಯೊಂದರ ಕಪ್ಪುಬಿಳುಪು ಫೋಟೊ ಮೂಡುತ್ತದೆ. 1994ರ ಹೊತ್ತಿಗೆ ತಾಲ್ಲೂಕು ಕೇಂದ್ರದ ಸ್ಟುಡಿಯೊಗಳಿಗೂ ಕಲರ್ ಫಿಲಂ ಬಂದಾಗಿತ್ತು, ನಿಜ. ಆದರೆ ಬಡತನ ಕಲರಿನಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ.

ಸೋರುವ ಕಡೆಗೆಲ್ಲ ಅಮ್ಮ ಪಾತ್ರೆ ಇಟ್ಟರಂತೆ. ಯಾವ ಪಾತ್ರೆ ಎಲ್ಲಿದೆ, ಯಾವುದು ಎಷ್ಟು ತುಂಬಿದೆ, ಯಾವುದನ್ನು ಮೊದಲು ಚೆಲ್ಲಬೇಕು ಎಂದು ಆ ತಾಯಿ ರಾತ್ರಿಯಿಡೀ ಎದ್ದು ನೋಡಿಕೊಂಡರಂತೆ. "ಆ ರಾತ್ರಿ," ಎಂದು ಸಂಸ್ಥಾಪಕರು ಗಂಟಲು ಸರಿಮಾಡಿಕೊಳ್ಳುತ್ತಾರೆ, "ನನಗೆ ಇನ್ವೆಂಟರಿ ಮ್ಯಾನೇಜ್‌ಮೆಂಟ್ ಅಂದ್ರೇನು ಅಂತ ಅರ್ಥ ಆಯ್ತು." ಚಪ್ಪಾಳೆ. ಕೆಲವರು ಎದ್ದುನಿಂತು ಚಪ್ಪಾಳೆ.

ಪ್ರಶ್ನೋತ್ತರದ ಹೊತ್ತು ಬರುತ್ತದೆ. ಹಿಂದಿನ ಸಾಲಿನಲ್ಲಿದ್ದ ಪೀಣ್ಯದ ಮ್ಯಾನೇಜರೊಬ್ಬರು ಎದ್ದು, "ಸರ್, ಇ-ವೇ ಬಿಲ್ ಇದರಲ್ಲೇ ಆಗುತ್ತಾ, ಇಲ್ಲಾ ಪೋರ್ಟಲ್‌ಗೆ ಬೇರೆ ಹೋಗ್ಬೇಕಾ?" ಎಂದು ಕೇಳುತ್ತಾರೆ. ಸಂಸ್ಥಾಪಕರು ಎರಡು ಹೆಜ್ಜೆ ಮುಂದೆ ಬರುತ್ತಾರೆ. "ತುಂಬ ಒಳ್ಳೆ ಪ್ರಶ್ನೆ ಸರ್. ನಮ್ಮಮ್ಮ ಒಂದು ಮಾತು ಹೇಳೋರು. ದಾರಿ ಪೂರ್ತಿ ಕಾಣದೇ ಇದ್ರೂ ಮೊದಲ ಹೆಜ್ಜೆ ಇಡು ಅಂತ." ಮತ್ತೆ ಚಪ್ಪಾಳೆ. ಮ್ಯಾನೇಜರು ಕೂರುತ್ತಾರೆ. ಇ-ವೇ ಬಿಲ್ ಎಲ್ಲಿ ಆಗುತ್ತದೆಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಮ್ಮೆ ಕೇಳಲು ಅವರೇನು ಹುಚ್ಚರೇ? ಅಂಕಿಗೆ ಎದುರು ಇನ್ನೊಂದು ಅಂಕಿ ಇಡಬಹುದು, ವಾದಕ್ಕೆ ಪ್ರತಿವಾದ ಹೂಡಬಹುದು. ಅಮ್ಮನಿಗೆ ಎದುರು ಏನು ಹೇಳುವುದು?

ಸ್ವಂತ ಕಥೆಯ ಮಾರುಕಟ್ಟೆ ಬೆಳೆದಿರುವುದರ ಗುಟ್ಟು ಇದೇ. ಪ್ರಶ್ನೆ ಹುಟ್ಟಬೇಕಾದ ಜಾಗದಲ್ಲಿ ಕಥೆಯನ್ನು ತಂದು ಕೂರಿಸಿದರೆ ಪ್ರಶ್ನೆ ಕೇಳುವವನೇ ಹೃದಯಹೀನನಾಗಿ ಕಾಣುತ್ತಾನೆ.

ಕಥೆಗೆ ಕಸುವಿಲ್ಲವೆಂದು ಯಾರೂ ಹೇಳುತ್ತಿಲ್ಲ. ಕೇಳುಗನನ್ನು ಒಲಿಸಲು ಮಾತಾಡುವವನ ಯೋಗ್ಯತೆ, ಕೇಳುವವನ ಭಾವ ಮತ್ತು ವಾದದ ತರ್ಕ, ಈ ಮೂರೂ ಬೇಕೆಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿಟ್ಟ. ನಮ್ಮವರು ಮೂರರಲ್ಲಿ ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಅವನಿಗೇ ವಾಪಸ್ಸು ಕೊಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಿಪ್ ಹೀತ್ ತಮ್ಮ ತರಗತಿಯ ಪ್ರಯೋಗವೊಂದನ್ನು ತಮ್ಮನ ಜೊತೆ ಬರೆದ 2007ರ ಪುಸ್ತಕ 'ಮೇಡ್ ಟು ಸ್ಟಿಕ್'ನಲ್ಲಿ ವಿವರಿಸಿದ್ದಾರೆ. ವಿದ್ಯಾರ್ಥಿಗಳು ಒಂದೊಂದು ನಿಮಿಷ ಭಾಷಣ ಮಾಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ನೆನಪಿರುವುದನ್ನು ಬರೆಯಿರಿ ಎಂದರೆ 63% ಮಂದಿಗೆ ಕಥೆಗಳು ನೆನಪಿರುತ್ತವೆ, ಯಾವುದಾದರೊಂದು ಅಂಕಿ ನೆನಪಿರುವುದು 5% ಮಂದಿಗೆ ಮಾತ್ರ. ಭಾಷಣ ಕಲಿಸುವವರು ಇದನ್ನು ಮಂತ್ರದ ಥರ ಜಪಿಸುತ್ತಾರೆ. ತಮಾಷೆಯೆಂದರೆ ಕಥೆಯ ಮಹಿಮೆಯನ್ನು ಸಾರಲು ಅವರಿಗೂ ಬೇಕಾದದ್ದು ಎರಡು ಅಂಕಿಗಳೇ. ಇಷ್ಟಕ್ಕೂ ಆ ಪ್ರಯೋಗ ಅಳೆದದ್ದು ನೆನಪನ್ನು. ನೆನಪಿನಲ್ಲಿ ಉಳಿದದ್ದು ಸತ್ಯವೋ ಸುಳ್ಳೋ ಎಂಬುದನ್ನಲ್ಲ. ಹಾಗೆ ನೋಡಿದರೆ ನಮಗೆಲ್ಲ ಅತ್ಯಂತ ಚೆನ್ನಾಗಿ ನೆನಪಿರುವುದು ಕಾಗಕ್ಕ ಗುಬ್ಬಕ್ಕನ ಕಥೆ.

ಈ ಪದ್ಧತಿಗೆ ಜಗತ್ತಿನ ಮಟ್ಟದಲ್ಲಿ ಅಚ್ಚು ಒದಗಿಸಿದ್ದು ಟೆಡ್ ಭಾಷಣಗಳು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಮ್ಮೇಳನವದು. 18 ನಿಮಿಷದ ಗಡಿಗೆ ಹೆಸರಾದ ಆ ಭಾಷಣಗಳು 2006ರಲ್ಲಿ ಅಂತರ್ಜಾಲಕ್ಕೆ ಬಂದವು. 2009ರಲ್ಲಿ ಟೆಡ್‌ಎಕ್ಸ್ ಎಂಬ ಹೆಸರಿನಲ್ಲಿ ಊರೂರಿಗೆ, ಕಾಲೇಜು ಕಾಲೇಜಿಗೆ ಪರವಾನಗಿ ಸಿಕ್ಕಿತು. 18 ನಿಮಿಷದಲ್ಲಿ ಒಂದು ವಿಷಯವನ್ನು ತಿಳಿಸಿ ಹೇಳುವುದು ಪ್ರಯಾಸದ ಕೆಲಸ. 18 ನಿಮಿಷದಲ್ಲಿ ಒಂದು ಬಾಲ್ಯ ಹೇಳುವುದು ಸುಲಭ. ಕೆಂಪು ಜಮಖಾನೆಯ ಮೇಲೆ ನಿಂತವರಲ್ಲಿ ಬಹಳ ಮಂದಿ ಸುಲಭದ್ದನ್ನೇ ಆರಿಸಿಕೊಂಡರು.

ಈ ಸಂಪ್ರದಾಯದ ಮೂಲಪುರುಷ ಸ್ಟೀವ್ ಜಾಬ್ಸ್ ಎಂದು ಶಿಷ್ಯಕೋಟಿ ನಂಬುತ್ತದೆ. 2005ರ ಜೂನ್ 12ರಂದು ಸ್ಟ್ಯಾನ್‌ಫರ್ಡಿನ ಘಟಿಕೋತ್ಸವದಲ್ಲಿ ಅವರು ಮೂರು ಕಥೆ ಹೇಳಿದರು. ಕಾಲೇಜು ಬಿಟ್ಟದ್ದು, ತಾನೇ ಕಟ್ಟಿದ ಕಂಪನಿಯಿಂದ ಹೊರದಬ್ಬಿಸಿಕೊಂಡದ್ದು, ಕ್ಯಾನ್ಸರ್ ಎದುರಾದದ್ದು. ಅದು ಒಳ್ಳೆಯ ಭಾಷಣವೇ. ಎದುರಿಗಿದ್ದವರು ಬದುಕು ಶುರು ಮಾಡಲು ಹೊರಟ ಹುಡುಗ ಹುಡುಗಿಯರು. ಅವರಿಗೆ ಬೇಕಾದದ್ದು ಬದುಕಿನ ಮಾತು, ಅದನ್ನೇ ಹೇಳಿದರು. ಅದೇ ಜಾಬ್ಸ್ 2007ರ ಜನವರಿ 9ರಂದು ಸ್ಯಾನ್‌ಫ್ರಾನ್ಸಿಸ್ಕೊದ ವೇದಿಕೆ ಹತ್ತಿದಾಗ ಕಾಲೇಜು ಬಿಟ್ಟ ಕಥೆ ಬರಲಿಲ್ಲ, ಕ್ಯಾನ್ಸರಿನ ಕಥೆ ಬರಲಿಲ್ಲ. ಜೇಬಿನಿಂದ ಐಫೋನ್ ಬಂತು. ಅದನ್ನು ಒತ್ತಿ, ತಿರುಗಿಸಿ, ಹಾಡು ಹಾಕಿ, ಕರೆ ಮಾಡಿ ತೋರಿಸಿದರು. ಶಿಷ್ಯರು ಕಪ್ಪು ಟರ್ಟಲ್‌ನೆಕ್ ಅಂಗಿಯನ್ನು ಎರಡನೆಯ ಭಾಷಣದಿಂದ ತೆಗೆದುಕೊಂಡರು, ಕಣ್ಣೀರನ್ನು ಮೊದಲನೆಯದರಿಂದ. ಫೋನನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಬೆಂಗಳೂರಿಗೆ ತನ್ನದೇ ಪುರಾಣವೂ ಇದೆ. ಇಲ್ಲಿನ ಮಂಗಳಕರ ಅಂಕಿ 10,000 ರೂಪಾಯಿ. ಕಿರಣ್ ಮಜುಂದಾರ್ ಶಾ 1978ರಲ್ಲಿ ಗ್ಯಾರೇಜೊಂದರಲ್ಲಿ ಬಯೋಕಾನ್ ಶುರು ಮಾಡಿದ್ದು 10,000 ರೂಪಾಯಿ ಬಂಡವಾಳದಿಂದ. 1981ರಲ್ಲಿ ಇನ್ಫೋಸಿಸ್‌ಗೆಂದು ಸುಧಾ ಮೂರ್ತಿಯವರು ಗಂಡ ನಾರಾಯಣ ಮೂರ್ತಿಯವರಿಗೆ ತಮ್ಮ ಉಳಿತಾಯದಿಂದ ಕೊಟ್ಟದ್ದೂ 10,000 ರೂಪಾಯಿ. ಎರಡೂ ನಿಜ. ಆದರೆ ಅಂದಿನಿಂದ ಈ ಊರಿನ ಯಾವ ಸಂಸ್ಥಾಪಕನೂ ಒಂಬತ್ತು ಸಾವಿರದಲ್ಲಾಗಲಿ, ಹನ್ನೆರಡು ಲಕ್ಷದಲ್ಲಾಗಲಿ ಕಂಪನಿ ತೆರೆದ ದಾಖಲೆ ವೇದಿಕೆಯಲ್ಲಿ ಸಿಗುವುದಿಲ್ಲ. ಹಣದುಬ್ಬರ ಅಕ್ಕಿಗೆ ತಟ್ಟಿತು, ಬಾಡಿಗೆಗೆ ತಟ್ಟಿತು, ಮಸಾಲೆದೋಸೆಗೂ ತಟ್ಟಿತು. ಕಥೆಯ ಬಂಡವಾಳಕ್ಕೆ ಮಾತ್ರ ತಟ್ಟಲಿಲ್ಲ. ಕೋರಮಂಗಲದಲ್ಲಿ ಒಂದು ಕೋಣೆಯ ಅಡ್ವಾನ್ಸಿಗೂ ಸಾಲದ ಆ ದುಡ್ಡಿನಲ್ಲಿ ಇವತ್ತಿಗೂ ಕಂಪನಿಗಳು ಹುಟ್ಟುತ್ತಲೇ ಇವೆ.

ಮೂಲದವರು ಹೇಳಿದ್ದು ಅಷ್ಟೇ ಆಗಿರಲಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. 1991ಕ್ಕೆ ಮೊದಲು ಒಂದು ಟೆಲಿಫೋನ್ ಸಂಪರ್ಕಕ್ಕೆ, ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳುವ ಪರವಾನಗಿಗೆ ಎಷ್ಟು ಕಾಯಬೇಕಿತ್ತು, ದಿಲ್ಲಿಗೆ ಎಷ್ಟು ಸಲ ಅಲೆಯಬೇಕಿತ್ತು, ಆರ್ಥಿಕ ನೀತಿ ಬದಲಾದ ಮೇಲೆ ಏನೇನಾಯಿತು ಎಂಬುದನ್ನು ನಾರಾಯಣ ಮೂರ್ತಿಯವರು ಎಷ್ಟೋ ಭಾಷಣಗಳಲ್ಲಿ ಬಿಡಿಸಿ ಹೇಳಿದ್ದಾರೆ. ಅನುಯಾಯಿಗಳು 10,000ವನ್ನು ಎತ್ತಿಕೊಂಡು 1991ನ್ನು ಬಿಟ್ಟರು. ಕಿರಣ್ ಅವರು ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರವನ್ನೇ ಓದಿ ಬಂದವರು. ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ, ಪಪ್ಪಾಯಿಯಿಂದ ಪಪೇನ್ ಎಂಬ ಕಿಣ್ವ ತೆಗೆದು ರಫ್ತು ಮಾಡಿದವರು. ಅನುಯಾಯಿಗಳಿಗೆ ಗ್ಯಾರೇಜು ಕಂಡಿತು, ಪಪ್ಪಾಯಿ ಕಾಣಲಿಲ್ಲ. ಗ್ಯಾರೇಜು ಹೊಂದಿಸುವುದು ಸುಲಭ. ಕಿಣ್ವದ ರಸಾಯನಶಾಸ್ತ್ರ ಕಲಿಯಲು ವರ್ಷಗಳು ಬೇಕು.

ಇನ್ನು ಕಷ್ಟವೇ ಇಲ್ಲದವರ ಕಷ್ಟ ಕೇಳಿ. ಮಧ್ಯಮ ವರ್ಗದಲ್ಲಿ ಹುಟ್ಟಿ, ಹೊತ್ತುಹೊತ್ತಿಗೆ ಉಂಡು, ಸೀಟು ಸಿಕ್ಕ ಕಾಲೇಜಿನಲ್ಲಿ ಓದಿ, ಸಿಕ್ಕ ಕೆಲಸದಲ್ಲಿ ಬಡ್ತಿ ಪಡೆದು ಬಂದವರಿಗೆ ಇವತ್ತು ವೇದಿಕೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಇವರಿಗಾಗಿಯೇ ಕಥೆ ಹೆಣೆಯಲು ಕಲಿಸುವ ತರಬೇತುದಾರರು ಹುಟ್ಟಿಕೊಂಡಿದ್ದಾರೆ. ಗಂಟೆಯ ಲೆಕ್ಕದಲ್ಲಿ ಶುಲ್ಕ. ಐವತ್ತರ ಹತ್ತಿರದ ಹಣಕಾಸು ಮುಖ್ಯಸ್ಥರೊಬ್ಬರು ಅಂಥ ಹುಡುಗಿಯೊಬ್ಬಳ ಎದುರು ಕೂತರೆ ಮಾತು ಹೀಗೆ ಸಾಗುತ್ತದೆ:

"ಸರ್, ಚಿಕ್ಕಂದಿನಲ್ಲಿ ಏನಾದ್ರೂ ಕಷ್ಟ?"

"ಅಂಥದ್ದೇನಿಲ್ಲಮ್ಮ. ಅಪ್ಪ ಬ್ಯಾಂಕಲ್ಲಿದ್ರು. ಅಮ್ಮ ಹೈಸ್ಕೂಲ್ ಟೀಚರ್. ಜಯನಗರದಲ್ಲಿ ಸ್ವಂತ ಮನೆ."

ತರಬೇತುದಾರಳ ಮುಖ ಬಾಡುತ್ತದೆ. "ಮನೇಲಿ ಯಾರಾದ್ರೂ ಬೇಗ ತೀರ್ಕೊಂಡ್ರಾ?"

"ಅಜ್ಜಿ ಹೋದ್ರು. ತೊಂಬತ್ತೊಂದಾಗಿತ್ತು. ನಿದ್ದೇಲೇ ಹೋದ್ರು."

"ಯಾವುದಾದ್ರೂ ದೊಡ್ಡ ಫೇಲ್ಯೂರ್?"

"ಡ್ರೈವಿಂಗ್ ಟೆಸ್ಟ್. ಎಂಟು ಹಾಕೋವಾಗ ಕಾಲು ಕೆಳಗಿಟ್ಟೆ."

"ಕರೆಂಟ್ ಹೋಗ್ತಿತ್ತಾ ಸರ್?"

"ಓ, ಆಗ ಲೋಡ್ ಶೆಡ್ಡಿಂಗ್ ಅಲ್ವಾ, ಎಲ್ಲರ ಮನೇಲೂ ಹೋಗ್ತಿತ್ತು."

"ಸಾಕು ಸರ್!" ಅವಳ ಕಣ್ಣು ಅರಳುತ್ತದೆ. "ನೀವು ಮೇಣದಬತ್ತಿ ಬೆಳಕಲ್ಲಿ ಸಿಎ ಓದಿದ್ದೀರಿ."

"ಎಮರ್ಜೆನ್ಸಿ ಲ್ಯಾಂಪ್ ಇತ್ತಮ್ಮ..."

"ಅದನ್ನ ಹೇಳ್ಬೇಕಾಗಿಲ್ಲ ಸರ್."

ಭಾಷಣ ಗೆಲ್ಲುತ್ತದೆ. ವಿಡಿಯೊ ಓಡುತ್ತದೆ. ಓಡುತ್ತಾ ಓಡುತ್ತಾ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಬರುತ್ತದೆ. ಸಂಜೆ ಅಮ್ಮನ ಫೋನು: "ಏನೋ ಇದು, ಕತ್ತಲಲ್ಲಿ ಕೂತು ಓದಿದೆ ಅಂದಿದ್ದೀಯ? ನಿನ್ನ ಪರೀಕ್ಷೆಗೆ ಅಂತ್ಲೇ ಅಪ್ಪ ಎಸ್‌ಪಿ ರೋಡ್‌ಗೆ ಹೋಗಿ ಆ ಲ್ಯಾಂಪ್ ತಂದಿದ್ರಲ್ಲೋ. ನೋಡಿದಾಗಿನಿಂದ ಸುಮ್ಮನೆ ಕೂತಿದ್ದಾರೆ." ತಮ್ಮ ಮಕ್ಕಳಿಗೆ ಕಷ್ಟ ತಟ್ಟಬಾರದೆಂದು ಒಂದು ತಲೆಮಾರು ಓವರ್‌ಟೈಮ್ ಮಾಡಿತು, ಚೀಟಿ ಹಾಕಿತು, ಸಾಲ ತೀರಿಸಿತು. ಆ ಮಕ್ಕಳು ಈಗ ವೇದಿಕೆ ಹತ್ತಿ, ನಮಗೆ ಕಷ್ಟ ತಟ್ಟಿತ್ತು ಎಂದು ಪ್ರಮಾಣ ಮಾಡುತ್ತಿದ್ದಾರೆ. ಇಲ್ಲದ ಬಡತನ ಹೇಳಿಕೊಳ್ಳುವುದರಲ್ಲಿ ಹೆತ್ತವರ ಮೇಲಿನ ಸುಳ್ಳು ದೂರೂ ಇರುತ್ತದೆ ಎಂಬುದು ತರಬೇತಿಯ ಪಠ್ಯದಲ್ಲಿ ಇಲ್ಲ.

ಕಟ್ಟುಕಥೆ ನಮ್ಮಲ್ಲಿ ಮಾತ್ರ ಇದೆಯೆಂದು ಕೊರಗುವುದು ಬೇಡ. ಇಬೇ ಶುರುವಾದದ್ದು ಸಂಸ್ಥಾಪಕರ ಭಾವಿ ಪತ್ನಿಗೆ ಪೆಜ್ ಮಿಠಾಯಿ ಡಬ್ಬಿಗಳನ್ನು ಕೊಂಡು ಮಾರುವ ಅನುಕೂಲಕ್ಕೆಂದು ಜಗತ್ತು ನಂಬಿತ್ತು. ಪತ್ರಿಕೆಯವರಿಗೆ ರುಚಿಸಲೆಂದು ಕಂಪನಿಯ ಪ್ರಚಾರ ವಿಭಾಗ 1997ರಲ್ಲಿ ಹೆಣೆದದ್ದು ಅದು ಎಂದು 2002ರ ಪುಸ್ತಕವೊಂದು ಬಯಲು ಮಾಡಿತು. ವಿಡಿಯೊ ಕ್ಯಾಸೆಟ್ ತಡವಾಗಿ ಮರಳಿಸಿ 40 ಡಾಲರ್ ದಂಡ ತೆತ್ತ ಸಿಟ್ಟಿನಲ್ಲಿ ನೆಟ್‌ಫ್ಲಿಕ್ಸ್ ಹುಟ್ಟಿತೆಂಬ ಕಥೆ ಅನುಕೂಲಕ್ಕೆ ಒದಗಿದ ಕಥೆಯಷ್ಟೇ ಎಂದು ಅದರ ಸಹಸಂಸ್ಥಾಪಕ ಮಾರ್ಕ್ ರಾಂಡಾಲ್ಫ್ 2019ರಲ್ಲಿ ಬರೆದರು. ಆ್ಯಪಲ್‌ನ ಗ್ಯಾರೇಜಿನಲ್ಲಿ ವಿನ್ಯಾಸವೂ ನಡೆಯಲಿಲ್ಲ, ತಯಾರಿಕೆಯೂ ನಡೆಯಲಿಲ್ಲ, ಅದೊಂದು ದಂತಕಥೆ ಎಂದು ಸ್ಟೀವ್ ವೋಜ್ನಿಯಾಕ್ ತಾವೇ ಹೇಳಿದ್ದಾರೆ. ಇವೆಲ್ಲ ಯಾರಿಗೂ ಕೇಡು ಮಾಡದ ಸುಳ್ಳುಗಳು. ಸಾಮಾನು ಸರಿಯಿತ್ತು, ಸುತ್ತಿದ ಕಾಗದ ಮಾತ್ರ ಬಣ್ಣದ್ದು.

ಸಾಮಾನೇ ಇಲ್ಲದಿದ್ದಾಗ ಏನಾಗುತ್ತದೆಂದು ತೋರಿಸಿದವರು ಎಲಿಜಬೆತ್ ಹೋಮ್ಸ್. ಬೆರಳ ತುದಿಯ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುವ ಯಂತ್ರ ತನ್ನಲ್ಲಿದೆ ಎಂದು ಥೆರಾನೋಸ್ ಕಂಪನಿ ಕಟ್ಟಿದವರು. 2014ರಲ್ಲಿ ವೈದ್ಯರು, ವಿಜ್ಞಾನಿಗಳು ಸೇರುವ ಟೆಡ್‌ಮೆಡ್ ವೇದಿಕೆಯಲ್ಲಿ ಅವರು ಹೇಳಿದ್ದು ತನ್ನ ಅಂಕಲ್ ಒಬ್ಬರ ಕಥೆ: ಬೇಸಿಗೆ ರಜೆಗಳನ್ನು ಜೊತೆಯಲ್ಲಿ ಕಳೆದದ್ದು, ಕ್ಯಾನ್ಸರ್ ತಡವಾಗಿ ಗೊತ್ತಾದದ್ದು, ಬೇಗ ಅಗಲಿದ್ದು. ಕೇಳಿದವರ ಮನಸ್ಸು ಕರಗಿತು. ಅದೇ ವರ್ಷ ಕಂಪನಿಯ ಬೆಲೆ ಸುಮಾರು 900 ಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. ಆ ಅಂಕಲ್ ಜೊತೆ ಅವರಿಗೆ ಹೇಳಿಕೊಳ್ಳುವಂಥ ಒಡನಾಟವೇನೂ ಇರಲಿಲ್ಲ, ಮನೆಯ ಸಾವೊಂದನ್ನು ವ್ಯಾಪಾರಕ್ಕೆ ಬಳಸಿಕೊಂಡದ್ದು ಬಂಧುಗಳಿಗೆ ಅಸಹ್ಯ ಹುಟ್ಟಿಸಿತ್ತು ಎಂದು ಪತ್ರಕರ್ತ ಜಾನ್ ಕ್ಯಾರಿರೂ 2018ರ ತಮ್ಮ ಪುಸ್ತಕದಲ್ಲಿ ಬರೆದರು. ಅದಕ್ಕಿಂತ ಮುಖ್ಯವಾಗಿ, ಯಂತ್ರ ಮಾಡುತ್ತಿದ್ದದ್ದು ಬೆರಳೆಣಿಕೆಯ ಪರೀಕ್ಷೆ, ಉಳಿದವು ಬೇರೆ ಕಂಪನಿಗಳ ಯಂತ್ರದಲ್ಲಿ ಆಗುತ್ತಿದ್ದವು ಎಂಬುದನ್ನು ಕ್ಯಾರಿರೂ 2015ರಲ್ಲೇ ಹೊರಗೆಳೆದಿದ್ದರು. ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ ಆರೋಪ 2022ರ ಜನವರಿಯಲ್ಲಿ ಸಾಬೀತಾಯಿತು. ನವೆಂಬರಿನಲ್ಲಿ 11 ವರ್ಷಕ್ಕೂ ಹೆಚ್ಚಿನ ಸೆರೆವಾಸದ ತೀರ್ಪು ಬಂತು. ಆ ವೇದಿಕೆಯ ಎದುರು ಕೂತಿದ್ದವರು ರಕ್ತಪರೀಕ್ಷೆಯ ವರದಿ ನೋಡಿಯೇ ಔಷಧ ಬರೆಯುವ ಜನ. ಅಂಥವರ ಮುಂದೆ ಅಂಕಲ್ ಬಂದರು, ವರದಿ ಬರಲಿಲ್ಲ.

ಈ ಕಥೆಗೊಬ್ಬ ತಮ್ಮನೂ ಇದ್ದಾನೆ. 2022ರಲ್ಲಿ ಅಮೆರಿಕದ ಸಣ್ಣ ಕಂಪನಿಯೊಂದರ ಮುಖ್ಯಸ್ಥ ನೌಕರರನ್ನು ಕೆಲಸದಿಂದ ತೆಗೆದು, ಆ ದುಃಖದಲ್ಲಿ ಅಳುತ್ತಿರುವ ತನ್ನದೇ ಸೆಲ್ಫಿಯನ್ನು ಲಿಂಕ್ಡ್‌ಇನ್‌ಗೆ ಹಾಕಿದ. ಕೆಲಸ ಹೋದವರು ಯಾರೋ, ಕಥಾನಾಯಕ ಮಾತ್ರ ಕೆಲಸ ಕಿತ್ತುಕೊಂಡವನು. ನಮ್ಮ ಸಭಾಂಗಣಗಳಲ್ಲೂ ಈ ವರಸೆ ಪಳಗಿದೆ. ರೋಗಿ ಸತ್ತರೆ ವೈದ್ಯರ ಕಥೆ, ವಿದ್ಯಾರ್ಥಿ ಸೋತರೆ ಮೇಷ್ಟ್ರ ಕಥೆ, ಕಾರ್ಖಾನೆ ಮುಚ್ಚಿದರೆ ಮಾಲೀಕರ ಕಥೆ. ರೋಗಿಯನ್ನು, ವಿದ್ಯಾರ್ಥಿಯನ್ನು, ಕಾರ್ಮಿಕನನ್ನು ಒಂದು ಮಾತು ಕೇಳಿದ್ದೀರಾ ಎಂದರೆ ಉತ್ತರವಿಲ್ಲ.

ಅಸಲಿಗೆ ಕಷ್ಟಕ್ಕೆ ವೇದಿಕೆ ಸಿಗಬೇಕಾದರೆ ಮೊದಲು ಅದು ಮುಗಿದಿರಬೇಕು. ಅದೇ ಬ್ಯಾಂಕ್ವೆಟ್ ಹಾಲಿನ ಹಿಂದೆ ಎಂಜಲು ತಟ್ಟೆ ಎತ್ತುವ ಹುಡುಗ ಇವತ್ತೇ ಸೋರುವ ಶೆಡ್ಡಿನಲ್ಲಿ ಮಲಗುತ್ತಾನೆ. ಅವನಿಗೆ ಯಾರೂ ಕೆನ್ನೆಗೆ ಮೈಕು ಅಂಟಿಸುವುದಿಲ್ಲ. ಅಮ್ಮನ ಬಳೆ ಅಡವಿಟ್ಟು ಗೆದ್ದವರು ವೇದಿಕೆಯಲ್ಲಿದ್ದಾರೆ. ಅಮ್ಮನ ಬಳೆ ಅಡವಿಟ್ಟು ಸೋತವರು ಪತ್ರಿಕೆಯ ಒಳಪುಟದಲ್ಲಿ, ಚಿನ್ನ ಹರಾಜಿನ ನೋಟಿಸಿನಲ್ಲಿದ್ದಾರೆ. ಇಬ್ಬರ ಧೈರ್ಯವೂ ಒಂದೇ, ಬಳೆಯ ತೂಕವೂ ಒಂದೇ ಇದ್ದಿರಬಹುದು. ಹಾಗಾದರೆ ಗೆಲುವಿನ ಕಾರಣ ಬಳೆಯಲ್ಲ, ಬೇರೆ ಏನೋ. ಆ ಬೇರೆ ಏನೋ ಯಾವುದೆಂದು ತಿಳಿಯಲೆಂದೇ ಜನ ಸಾವಿರಾರು ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಬಂದಿರುತ್ತಾರೆ. ಅವರಿಗೆ ಸಿಗುವುದು ಬಳೆ.

ನಿಜವಾದ ಕಷ್ಟವನ್ನು ಹೇಳುವ ರೀತಿಯೂ ಕನ್ನಡಕ್ಕೆ ಹೊಸದಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಗೊತ್ತು. ಹಸಿವು, ಅವಮಾನ ಎಲ್ಲವೂ ಅಲ್ಲಿವೆ, ಆದರೆ ಓದುಗ ಬಿದ್ದು ಬಿದ್ದು ನಗುತ್ತಾನೆ, ನಕ್ಕ ಮೇಲೆ ಎದೆಗೆ ಒದೆ ಬೀಳುತ್ತದೆ. ತನ್ನನ್ನು ನೋಡಿ ಮರುಗಿ ಎಂದು ಅವರು ಎಲ್ಲೂ ಕೈಚಾಚಲಿಲ್ಲ. ಇನ್ನು ಸರ್ ಎಂ. ವಿಶ್ವೇಶ್ವರಯ್ಯನವರು. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯಲ್ಲಿ ಅವರನ್ನು ಬೀದಿ ದೀಪದ ಕೆಳಗೆ ಕೂರಿಸಿ ಓದಿಸದೆ ನಮ್ಮ ಭಾಷಣಕಾರರಿಗೆ ಸಮಾಧಾನವಿಲ್ಲ. ಅವರೇ 1951ರಲ್ಲಿ ಬರೆದ ನೆನಪುಗಳ ಪುಸ್ತಕ ಬಹುಪಾಲು ಕೆಲಸದ ಪುಸ್ತಕ. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನಲ್ಲಿ ಆಗಬೇಕಾದದ್ದು, ಕನ್ನಂಬಾಡಿ, ಮೈಸೂರಿನ ಕೈಗಾರಿಕೆಗಳು. ಇವತ್ತಿನ ತರಬೇತುದಾರರ ಕೈಗೆ ಆ ಹಸ್ತಪ್ರತಿ ಸಿಕ್ಕಿದ್ದರೆ, "ಸರ್, ಗೇಟು ತೆಗೆದು ದೀಪ ಹಾಕೋಣ" ಎನ್ನುತ್ತಿದ್ದರು.

ನಮ್ಮ ಹರಿದಾಸರನ್ನೇ ನೋಡಿ. ವೃತ್ತಿಯಿಂದಲೇ ಕಥೆ ಹೇಳುವವರು ಅವರು. ಕುಚೇಲನ ಅವಲಕ್ಕಿಯ ಪ್ರಸಂಗ ನಡೆಯುತ್ತಿರುವಾಗ ಚಿಟಿಕೆ ನಿಲ್ಲಿಸಿ, ಊರ ಶ್ಯಾನುಭೋಗರ ಜಿಪುಣತನದ್ದೊಂದು ಉಪಕಥೆ ಹೇಳಿ, ಸಭೆಯನ್ನು ನಗಿಸಿ, ಎರಡೇ ಮಾತಿನಲ್ಲಿ ದ್ವಾರಕೆಯ ಬಾಗಿಲಿಗೆ ಮರಳುತ್ತಾರೆ. ಉಪಕಥೆಯಿಂದ ಹಿಂದಿರುಗದ ದಾಸರಿಗೆ ಮುಂದಿನ ವರ್ಷ ರಾಮನವಮಿಗೆ ಕರೆ ಬರುವುದಿಲ್ಲ. ಮಂಗಳಾರತಿ ತಟ್ಟೆ ಬರುವುದೂ ಕಥೆ ಮುಗಿದ ಮೇಲೆಯೇ. ಮೆಚ್ಚಿದವರು ಹಾಕುತ್ತಾರೆ, ಮೆಚ್ಚದವರು ನಮಸ್ಕಾರ ಮಾಡುತ್ತಾರೆ. ನಮ್ಮ ಸಮ್ಮೇಳನಗಳಲ್ಲಿ ತಟ್ಟೆ ತಿಂಗಳ ಮೊದಲೇ ಬರುತ್ತದೆ, ಜಿಎಸ್‌ಟಿ ಸಮೇತ.

ಹಾಗಾದರೆ ವೃತ್ತಿಯವರ ಮುಂದೆ ಸ್ವಂತ ಕಥೆ ಹೇಳಲೇಬಾರದೆ? ಹೇಳಬೇಕು, ಅತುಲ್ ಗವಾಂಡೆ ಹೇಳಿದ ರೀತಿಯಲ್ಲಿ. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ಕೊನೆಗೆ ತಂಡದವರೆಲ್ಲ ಒಂದು ಪಟ್ಟಿ ಓದಿ ಖಾತ್ರಿ ಮಾಡಿಕೊಂಡರೆ ಸಾವು ಕಡಿಮೆಯಾಗುತ್ತದೆಯೇ ಎಂದು ಈ ಶಸ್ತ್ರವೈದ್ಯರ ತಂಡ ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿತು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಾವಿನ ಪ್ರಮಾಣ 1.5%ನಿಂದ 0.8%ಗೆ ಇಳಿದಿತ್ತು. ಅದೇ ವರ್ಷ ಬಂದ ತಮ್ಮ ಪುಸ್ತಕದ ಕೊನೆಯಲ್ಲಿ ಗವಾಂಡೆ ತಮ್ಮದೊಂದು ಅನುಭವ ಹೇಳುತ್ತಾರೆ. ಅಡ್ರಿನಲ್ ಗ್ರಂಥಿಯ ಗೆಡ್ಡೆ ತೆಗೆಯುವಾಗ ತಮ್ಮ ಕೈಯಿಂದಲೇ ರೋಗಿಯ ದೊಡ್ಡ ರಕ್ತನಾಳ ಹರಿಯಿತು, ಹೃದಯ ನಿಂತಿತು. ಪಟ್ಟಿ ಓದುವಾಗ ರಕ್ತ ತೆಗೆದಿರಿಸಿಲ್ಲವೆಂಬುದು ನರ್ಸ್ ಕಣ್ಣಿಗೆ ಬಿದ್ದು, ಮೊದಲೇ ತರಿಸಿಟ್ಟಿದ್ದರಿಂದ ರೋಗಿ ಬದುಕಿದ. ಈ ಕಥೆಯಲ್ಲಿ ವೈದ್ಯನೇ ತಪ್ಪಿತಸ್ಥ, ಉಳಿಸಿದ್ದು ಒಂದು ಹಾಳೆ ಮತ್ತು ಒಬ್ಬ ನರ್ಸ್. ಕಥೆಯನ್ನು ಕಿತ್ತುಹಾಕಿದರೂ ಎಂಟು ಆಸ್ಪತ್ರೆಗಳ ಲೆಕ್ಕ ನಿಂತಿರುತ್ತದೆ. ಲೆಕ್ಕ ಓದಿ ಬೇಸತ್ತವನಿಗೆ ಕಥೆ ಅದರ ಅರ್ಥ ತಿಳಿಸುತ್ತದೆ. ಕಥೆ ಸಾಕ್ಷಿ ಹೇಳಿತು, ತೀರ್ಪು ಕೊಡಲು ಹೋಗಲಿಲ್ಲ.

ವೇದಿಕೆ ಹತ್ತುವವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಇದು. ನಿಮ್ಮ ಭಾಷಣದಿಂದ ನಿಮ್ಮ ಕಥೆಯನ್ನು ತೆಗೆದು ನೋಡಿ. ಏನಾದರೂ ಉಳಿದರೆ ಕಥೆಯನ್ನು ಧಾರಾಳವಾಗಿ ಹೇಳಿ, ಕೇಳಲು ನಾವು ಸಿದ್ಧ. ಏನೂ ಉಳಿಯದಿದ್ದರೆ ನೀವು ಹೊರಟಿರುವುದು ಸಮ್ಮೇಳನಕ್ಕಲ್ಲ, ಸಂತಾಪ ಪಡೆಯಲು. ಕಥೆಯಲ್ಲಿ ಬೇರೆಯವರಿದ್ದರೆ ಅವರ ಒಪ್ಪಿಗೆ ಕೇಳಿ. ಕಥೆಯಲ್ಲಿ ನೀವೊಬ್ಬರೇ ಒಳ್ಳೆಯವರಾಗಿದ್ದರೆ ಇನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಕುರ್ಚಿಯಲ್ಲಿ ಕೂತವರಿಗೂ ಒಂದು ಮಾತು. ಸಂಕೋಚದಿಂದ ಸುಮ್ಮನಾಗುವ ನಮ್ಮ ದಾಕ್ಷಿಣ್ಯವೇ ಈ ಮಾರುಕಟ್ಟೆಯ ನಿಜವಾದ ಬಂಡವಾಳ. ಚಪ್ಪಾಳೆ ತಟ್ಟಿ, ಬೇಕೆನಿಸಿದರೆ ಅತ್ತುಬಿಡಿ, ಸೌಜನ್ಯಕ್ಕೆ ಕೊರತೆ ಬೇಡ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಲೆಕ್ಕ ಕೇಳಿ. ಉತ್ತರ ಸಿಗದಿದ್ದರೆ ಮತ್ತೊಮ್ಮೆ ಎದ್ದು ಕೇಳಿ. ಕಥೆ ನಿಜವಿರುವವರು ಲೆಕ್ಕ ಕೊಡಲು ಹೆದರುವುದಿಲ್ಲ.